ಕಬೂಲು ಅಂದರೆ ಒಪ್ಪಿಗೆಯೇ?

ಪದಗಳ ಹುಟ್ಟು ಹುಡುಕುವ ಬರಹಗಳಿಗೆ ಈಗ ಒಳ್ಳೆಯ ಕಾಲ. ಬೇರು ಸಿಕ್ಕಿತು ಅಂದರೆ ಅರ್ಥವೂ ಸಿಕ್ಕಿದ ಹಾಗೆ ಅಂತ ಬರೆಯುವವರೂ ನಂಬುತ್ತಾರೆ, ಓದುವವರೂ ನಂಬುತ್ತಾರೆ. ಇಂಥ ಬರಹ ನನಗೂ ಇಷ್ಟ. ಆದರೆ ಒಂದು ತಕರಾರಿದೆ. ಅದನ್ನು ನಮ್ಮ ಕಡೆಯ ಒಂದು ಪದ ಹಿಡಿದೇ ಹೇಳುತ್ತೇನೆ: ಕಬೂಲು.

ಮಂಕಿಯಿಂದ ಭಟ್ಕಳದ ತನಕ ಈ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 'ಅಂವ ಕಬೂಲ್ ಮಾಡ್ದ' ಅಂದರೆ ಮುಗೀತು, ಒಪ್ಪಿಕೊಂಡ. ನವಾಯತರ ಮನೆಯ ನಿಕಾಹ್ ಗಟ್ಟಿಯಾಗುವುದೂ ಇದೇ ಮಾತಿನಿಂದ. ಹಳೆಯ ಜಮೀನು ವ್ಯವಹಾರದಲ್ಲಿ ಸಾಗುವಳಿ ಮಾಡುವವನು ಬರೆದುಕೊಡುತ್ತಿದ್ದ ಒಪ್ಪಿಗೆ ಕಾಗದಕ್ಕೂ ಕಬೂಲಾಯತು ಅಂತಲೇ ಹೆಸರು. ಪದ ಅರಬ್ಬಿಯದು, ಫಾರಸಿಯ ದಾರಿ ಹಿಡಿದು ನಮ್ಮಲ್ಲಿಗೆ ಬಂದದ್ದು.

ಇದರ ದಾಯಾದಿಗಳು ಹೀಬ್ರೂ ಮತ್ತು ಅರಮಾಯಿಕ್ ಭಾಷೆಗಳಲ್ಲಿದ್ದಾರೆ. ಮೂರೂ ಭಾಷೆಗಳಲ್ಲಿ ಅವೇ ಮೂರು ವ್ಯಂಜನ: ಕ, ಬ, ಲ. ಹೀಬ್ರೂವಿನ 'ಕಿಬ್ಬೆಲ್' ಅಂದರೆ ಪಡೆದುಕೊಂಡ, ಸ್ವೀಕರಿಸಿದ. ಹೀಬ್ರೂ ಬೈಬಲ್ಲಿನಲ್ಲಿ ಇದು ಹೆಚ್ಚಾಗಿ ಎಸ್ತೇರ್, ಎಜ್ರಾ, ಪೂರ್ವಕಾಲವೃತ್ತಾಂತದಂಥ ತಡವಾದ ಪುಸ್ತಕಗಳಲ್ಲಿ ಕಾಣುತ್ತದೆ. ಹಾಗಾಗಿ ಇದು ಅರಮಾಯಿಕ್ ಪ್ರಭಾವ ಅಂತ ವಿದ್ವಾಂಸರ ಅಭಿಪ್ರಾಯ. ಗುರುವಿನಿಂದ ಪಡೆದ ಗೂಢವಿದ್ಯೆ 'ಕಬ್ಬಾಲಾ'. ಇವತ್ತು ಇಸ್ರೇಲಿನ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುವ ರಸೀದಿಯೂ 'ಕಬ್ಬಾಲಾ'ವೇ!

ಇನ್ನೂ ಹಿಂದೆ ಹೋದರೆ ಸಿಗುವ ಅರ್ಥ 'ಎದುರು'. ಅರಬ್ಬಿಯಲ್ಲಿ ನಮಾಜಿಗೆ ಮುಖ ಮಾಡುವ ದಿಕ್ಕು ಕಿಬ್ಲಾ, ಎದುರುಬದುರಾಗುವುದು ಮುಕಾಬಲಾ. ಅರಮಾಯಿಕ್‌ನಲ್ಲಿ ಇದೇ ಬೇರಿನ ಕ್ರಿಯಾಪದಕ್ಕೆ 'ದೂರು ಹೇಳು' ಅನ್ನುವ ಅರ್ಥವೂ ಇದೆ. ಒಪ್ಪುವುದೂ ದೂರುವುದೂ ಒಂದೇ ಬೇರಿನಲ್ಲಿ! ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬಾರದು. ನಾವು ನೆಂಟರನ್ನು ಎದುರುಗೊಳ್ಳುತ್ತೇವೆ, ವೈರಿಯನ್ನು ಎದುರಿಸುತ್ತೇವೆ, ದೊಡ್ಡವರಿಗೆ ಎದುರಾಡಬೇಡ ಅಂತ ಮಕ್ಕಳನ್ನು ಗದರುತ್ತೇವೆ. ಎಲ್ಲದರಲ್ಲೂ ಇರುವುದು ಅದೇ 'ಎದುರು'.

ಬೇರು ಹುಡುಕುವ ಬರಹಗಳು ಸಾಮಾನ್ಯವಾಗಿ ಇಲ್ಲಿಗೇ ನಿಂತು ಉಪದೇಶ ಶುರುಮಾಡುತ್ತವೆ: 'ನೋಡಿ, ನಿಜವಾದ ಒಪ್ಪಿಗೆ ಅಂದರೆ ಮುಖಕ್ಕೆ ಮುಖ ಕೊಟ್ಟು ನಿಲ್ಲುವುದು.' ಕೇಳಲು ಚಂದ. ಆದರೆ ಕಬೂಲು ಅನ್ನುವವನ ತಲೆಯಲ್ಲಿ ಈ ಎದುರು ಇರುವುದಿಲ್ಲ. ಅರಬ್ಬಿ ವ್ಯಾಕರಣ ಅವನಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಜೇಮ್ಸ್ ಬಾರ್ ಎಂಬ ಹೀಬ್ರೂ ವಿದ್ವಾಂಸ 1961ರಲ್ಲಿ ಬೈಬಲ್ಲಿನ ಪದಾರ್ಥಗಳ ಬಗ್ಗೆ ಪುಸ್ತಕವನ್ನೇ ಬರೆದು ಈ ಚಾಳಿಯನ್ನು ಝಾಡಿಸಿದ. ಪದದ ಹುಟ್ಟು ಅದರ ಚರಿತ್ರೆ ಹೇಳೀತು. ಇವತ್ತಿನ ಅರ್ಥ ಹೇಳುವುದು ಬಳಕೆ.

ಹಾಗಾದರೆ ಬಳಕೆಯನ್ನೇ ನೋಡೋಣ. ಯಾರು, ಯಾರಿಗೆ, ಯಾವ ಸ್ಥಿತಿಯಲ್ಲಿ ಕಬೂಲು ಅಂದರು? ಯೆಹೂದಿ ಗುರುಗಳು ಈ ಪ್ರಶ್ನೆಯನ್ನು ತಾಲ್ಮುಡ್‌ನಲ್ಲಿ ನೇರವಾಗಿಯೇ ಎತ್ತಿದ್ದಾರೆ. ಸೀನಾಯ್ ಬೆಟ್ಟವನ್ನೇ ದೇವರು ಜನರ ತಲೆ ಮೇಲೆ ಕವುಚಿ ಹಿಡಿದು, 'ಧರ್ಮಶಾಸ್ತ್ರ ಸ್ವೀಕರಿಸಿದರೆ ಸರಿ, ಇಲ್ಲವಾದರೆ ಇಲ್ಲೇ ನಿಮ್ಮ ಗೋರಿ' ಅಂದನಂತೆ. ಅಲ್ಲಿ ಬಳಸಿದ ಕ್ರಿಯಾಪದ ಇದೇ. ಒಬ್ಬ ಗುರು ಕೂಡಲೇ ಆಕ್ಷೇಪ ಎತ್ತುತ್ತಾನೆ: ಹೆದರಿಸಿ ಪಡೆದ ಒಪ್ಪಿಗೆಗೆ ಬೆಲೆ ಏನು? ರಾವಾ ಎಂಬ ಗುರು ಉತ್ತರ ಕೊಡುತ್ತಾನೆ: ಎಸ್ತೇರಳ ಕಾಲದಲ್ಲಿ ಅವರು ಮತ್ತೊಮ್ಮೆ ತಾವಾಗಿ ಒಪ್ಪಿಕೊಂಡರಲ್ಲ! ಇಬ್ಬರೂ ಬೇರಿನ ಅರ್ಥಕ್ಕೆ ಕೈ ಹಾಕಲಿಲ್ಲ. ಒಪ್ಪಿದವರಿಗೆ 'ಇಲ್ಲ' ಅನ್ನಲು ಜಾಗವಿತ್ತೇ ಅಂತ ಕೇಳಿದರು.

ನಮ್ಮ ಕರಾವಳಿಯಲ್ಲೂ ಕೇಳಬೇಕಾದ ಪ್ರಶ್ನೆ ಅದೇ. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಕಾಯಂ ಹಕ್ಕಿತ್ತು. ಚಾಲಗೇಣಿದಾರನನ್ನು ಧಣಿ ಬೇಕೆಂದಾಗ ಏಳಿಸಬಹುದಿತ್ತು. ಬೇರೆ ಗದ್ದೆ ಇಲ್ಲದ ಅಂಥವನು ಹೆಬ್ಬೆಟ್ಟು ಒತ್ತಿ 'ಇಷ್ಟು ಗೇಣಿ ಕಬೂಲು' ಅಂದರೆ ಅದನ್ನು ನಿಘಂಟಿನ 'ಒಪ್ಪಿಗೆ' ಅನ್ನೋಣವೇ? ದಿನಕರ ದೇಸಾಯರು ಈ ಜಿಲ್ಲೆಯ ಗೇಣಿದಾರರನ್ನು ಕಟ್ಟಿಕೊಂಡು ಹೋರಾಡಿದರು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆಯಿತು. ಆವರೆಗಿನ ಎಷ್ಟೋ ಕಬೂಲುಗಳು ಎದುರಾಡಲು ಬಾಯಿಲ್ಲದವರ ಕಬೂಲುಗಳು. ನಿಕಾಹ್‌ನ ಕಬೂಲಿಗೂ ಇದೇ ಅಳತೆ: ಹುಡುಗಿಗೆ ಬೇಡ ಅನ್ನುವ ಅವಕಾಶ ಇದ್ದಾಗಲೇ ಅದಕ್ಕೆ ತೂಕ.

ಆದ್ದರಿಂದ ನಮ್ಮ ಪದಚರ್ಚೆಗಳಿಂದ ನಾನು ಬಯಸುವುದು ಇಷ್ಟು. ಬೇರು ತೋರಿಸಿ, ಬೇಡ ಅನ್ನುವುದಿಲ್ಲ. ಮಂಕಿಯ ಮಾತಿಗೂ ಬ್ಯಾಬಿಲೋನಿನ ಮಾತಿಗೂ ನಂಟಿದೆ ಅಂದರೆ ಯಾರಿಗೆ ಖುಷಿಯಾಗದು? ಆದರೆ ಅಲ್ಲಿಗೇ ನಿಲ್ಲಬೇಡಿ. ಕಬೂಲು ಅಂದವನು ಯಾರ ಎದುರು ನಿಂತಿದ್ದ, ಕೂತು ಮಾತಾಡುವ ಹಕ್ಕು ಅವನಿಗಿತ್ತೇ, ಅದನ್ನೂ ಬರೆಯಿರಿ.