ಮೆಣಸು ಎಂದರೆ ಯಾವ ಮೆಣಸು? ಅಡಿಗೆ ಪುಸ್ತಕ, ಮನೆಯ ಪರೀಕ್ಷೆ ಮತ್ತು ಹಕ್ಕುಸ್ವಾಮ್ಯ: ಕಾಸರಗೋಡಿನಿಂದ ಒಂದು ಓದು

ಗಡಿನಾಡಿನ ಕನ್ನಡ ಅಂದ ಕೂಡಲೇ ಶಾಲೆ, ಪತ್ರಿಕೆ, ಯಕ್ಷಗಾನ, ಕವಿಗಳು, ಇಷ್ಟರ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತು ಆಗಿದೆ. ನಾನು ಇವತ್ತು ತೆಗೆದುಕೊಂಡದ್ದು ಅಡಿಗೆ ಪುಸ್ತಕವನ್ನು. ಅಚ್ಚಾದ ಒಂದು ಪದಾರ್ಥದ ವಿಧಾನವನ್ನು ಮನೆಯಲ್ಲಿ ಮಾಡಿ ನೋಡಿ, ತಿದ್ದಿ, ಇನ್ನೊಬ್ಬರಿಗೆ ದಾಟಿಸುವ ಕೆಲಸ ಉಂಟಲ್ಲ, ಅದು ಕೂಡ ವಿಮರ್ಶೆಯೇ ಎನ್ನುವುದು ನನ್ನ ಮೊದಲ ಮಾತು. ಆ ವಿಮರ್ಶೆ ಮಾಡಿದವರಿಗೆ ಹಕ್ಕುಸ್ವಾಮ್ಯದ ಕಾನೂನಿನಲ್ಲಿ ಹೆಚ್ಚು ಜಾಗ ಇಲ್ಲ, ಹಾಗಾಗಿ ಅವರ ಹೆಸರು ಉಳಿಸುವ ಜವಾಬ್ದಾರಿ ನಮ್ಮದು ಎನ್ನುವುದು ಎರಡನೆಯ ಮಾತು.

'ಪದಾರ್ಥ' ಅಂದೆ. ಸೋಲಾಪುರದವರಿಗೆ, ಹೊಸೂರಿನವರಿಗೆ ಇದು ಬೇರೆ ಅರ್ಥ ಕೊಡಬಹುದು. ನಮ್ಮ ಕಡೆ ಅನ್ನಕ್ಕೆ ಕಲಸಿಕೊಳ್ಳುವುದಕ್ಕೆ ಪದಾರ್ಥ ಅಂತ ಹೆಸರು. ಹವ್ಯಕರ ಮನೆಯಲ್ಲಿ ಅದು ಬೆಂದಿ, ತುಳುವಿನಲ್ಲಿ ಕಜಿಪು, ಮಲಯಾಳದಲ್ಲಿ ಕರಿ. ಒಂದೇ ಬೀದಿಯಲ್ಲಿ ಇಷ್ಟು ಹೆಸರು ಇರುವಾಗ, ಮೈಸೂರು ಬೆಂಗಳೂರು ಕಡೆಯ ಕನ್ನಡದಲ್ಲಿ ಅಚ್ಚಾದ ಅಡಿಗೆ ಪುಸ್ತಕ ನಮ್ಮ ಅಡಿಗೆಮನೆಗೆ ಬಂದರೆ ಏನಾಗುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳುವ. ಮಜ್ಜಿಗೆಹುಳಿ. ಹಳೆ ಮೈಸೂರು ಕಡೆಯ ರೂಢಿಯಲ್ಲಿ ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಜೊತೆ ರುಬ್ಬಿ ಹಾಕುತ್ತಾರೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಮೇಲಾರ. ಅದಕ್ಕೆ ಬೇಳೆ ಇಲ್ಲ. ಕಾಯಿಯನ್ನು ನುಣ್ಣಗೆ ಕಡೆದು, ಹುಳಿಮಜ್ಜಿಗೆ ಸೇರಿಸಿ, ಬೆಂದ ಹೋಳಿಗೆ ಹಾಕುವುದು. ಆಚೆಮನೆಯ ಮಲಯಾಳಿ ಅಮ್ಮ ಮಾಡುವ ಪುಳಿಶ್ಶೇರಿಗೆ ಅರಸಿನವೂ ಜೀರಿಗೆಯೂ ಬೀಳುತ್ತದೆ. ಮೂರೂ ಒಂದೇ ಕುಟುಂಬದವು. ಮೂಲ ಯಾವುದು ಅಂತ ಹುಡುಕಿ ಪ್ರಯೋಜನ ಇಲ್ಲ.

ಈಗ ಪುಸ್ತಕದ ಸಾಲಿಗೆ ಬರುವ. 'ಸೌತೆಕಾಯಿ ಹೋಳು' ಅಂತ ಇದೆ ಅಂದುಕೊಳ್ಳಿ. ಬೆಂಗಳೂರಿನ ಓದುಗರಿಗೆ ಅದು ಹಸಿಯಾಗಿ ತಿನ್ನುವ ಸೌತೆ. ನಮಗೆ ಸೌತೆ ಅಂದರೆ ಮಾಡಿನಡಿ ಬಾಳೆಹಗ್ಗದಲ್ಲಿ ಕಟ್ಟಿ ತಿಂಗಳುಗಟ್ಟಲೆ ಇಡುವ ಹಳದಿ ಸೌತೆ, ಪೇಟೆಯವರು ಮಂಗಳೂರು ಸೌತೆ ಅನ್ನುವುದು. ಹಸಿ ತಿನ್ನುವುದು ನಮಗೆ ಮುಳ್ಳುಸೌತೆ. 'ಮೆಣಸು' ಅಂತ ಬರೆದಿದ್ದರೆ ಇನ್ನೂ ಕಷ್ಟ. ಘಟ್ಟದ ಮೇಲೆ ಮೆಣಸು ಅಂದರೆ ಕರಿ ಕಾಳು. ನಮ್ಮಲ್ಲಿ ಮೆಣಸು ಅಂದರೆ ಮೆಣಸಿನಕಾಯಿ, ಕಾಳಿಗೆ ಒಳ್ಳೆಮೆಣಸು ಅನ್ನುತ್ತೇವೆ. ಮಲಯಾಳದ ನಲ್ಲಮುಳಕ್ ಕೂಡ ಅದೇ ಅರ್ಥದ ಶಬ್ದ. 'ಮೆಣಸು 6' ಎನ್ನುವ ಒಂದು ಸಾಲು ಘಟ್ಟದ ಮೇಲೆ ಒಂದು ರುಚಿ, ಘಟ್ಟದ ಕೆಳಗೆ ಬೇರೆಯೇ ರುಚಿ.

ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಪಾಠಾಂತರ, ಲಿಪಿಕಾರನ ಪ್ರಮಾದ, ಲುಪ್ತಪಾಠ ಅಂತ ಓದುತ್ತೇವೆ. ಅಡಿಗೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳನ್ನು ನೋಡಿದರೆ ಅದೇ ಕೆಲಸ ಕಾಣುತ್ತದೆ. ನಾನು ಅವನ್ನು ಮೂರು ಬಗೆ ಮಾಡುತ್ತೇನೆ. ಒಂದು, ಶಬ್ದದ ತಿದ್ದುಪಡಿ: ಸೌತೆ ಯಾವುದು, ಮೆಣಸು ಯಾವುದು. ಎರಡು, ಅಳತೆಯ ತಿದ್ದುಪಡಿ: 'ಕಾಯಿತುರಿ 1 ಕಪ್' ಎಂಬುದರ ಪಕ್ಕ 'ಅರ್ಧ ಕಡಿ' ಅಂತ ಬರೆಯುವುದು. ಕಡಿ ಅಂದರೆ ಒಡೆದ ಕಾಯಿಯ ಒಂದು ಭಾಗ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಪುಸ್ತಕ ಹೇಳದೆ ಬಿಟ್ಟದ್ದನ್ನು ತುಂಬುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಳೆ ರುಬ್ಬಿ ಹಾಕಿದ ಮಜ್ಜಿಗೆಹುಳಿ ಒಂದು ಕುದಿ ತಡೆದುಕೊಳ್ಳುತ್ತದೆ, ಬೇಳೆಯ ಹಿಟ್ಟು ಮಜ್ಜಿಗೆಯನ್ನು ಹಿಡಿದಿಡುತ್ತದೆ. ನಮ್ಮವರು 'ನಮಗೆ ಬೇಳೆ ಬೇಡ' ಅಂತ ಅದನ್ನು ಬಿಟ್ಟು, ಉಳಿದದ್ದನ್ನು ಪುಸ್ತಕದ ಹಾಗೆಯೇ ಮಾಡಿ ಚೆನ್ನಾಗಿ ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಒಂದು ಸಾಮಾನು ತೆಗೆದರೆ ಇನ್ನೊಂದು ವಾಕ್ಯವೂ ಬದಲಾಗಬೇಕು. ಮಾಡಿ ನೋಡಿದವರು ಅಂಚಿನಲ್ಲಿ ಬರೆಯುತ್ತಾರೆ: 'ಬೇಳೆ ಇಲ್ಲದಿದ್ದರೆ ಉಕ್ಕುವ ಮೊದಲು ಇಳಿಸುವುದು.' ಇಷ್ಟು ಬರೆಯಬೇಕಾದರೆ ಒಮ್ಮೆಯಾದರೂ ಒಂದು ಪಾತ್ರೆ ಮೇಲಾರ ಹಾಳಾಗಿರಬೇಕು. ಓದು ಮಾತ್ರದಿಂದ ಈ ಸಾಲು ಬರುವುದಿಲ್ಲ.

ಪುಸ್ತಕ ಬರೆದವರಿಗೂ ಇದು ಗೊತ್ತಿಲ್ಲದ್ದಲ್ಲ. 1951ರಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ತಮಿಳಿನಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ 'ಸಮೈತ್ತು ಪಾರ್', ಅಂದರೆ ಅಡಿಗೆ ಮಾಡಿ ನೋಡು. ನಂಬು ಅಂತ ಹೇಳಲಿಲ್ಲ, ನೋಡು ಅಂದರು. ಪರೀಕ್ಷೆಗೆ ಕರೆಯುವುದು ಆ ಶೀರ್ಷಿಕೆಯಲ್ಲೇ ಉಂಟು.

ಇನ್ನು ಹಕ್ಕಿನ ಪ್ರಶ್ನೆ. ಇದನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಮಂಗರಸನಿಂದ ಶುರು ಮಾಡುತ್ತೇನೆ. ಚಾವುಂಡರಾಯನ 'ಲೋಕೋಪಕಾರ'ದಲ್ಲಿ, ಅಂದರೆ 11ನೆಯ ಶತಮಾನದಲ್ಲೇ, ಅಡಿಗೆಗೆ ಒಂದು ಅಧ್ಯಾಯ ಇದೆ. ಮೂರನೆಯ ಮಂಗರಸ ಅಡಿಗೆಯ ಮೇಲೆಯೇ ಒಂದು ಕೃತಿ ಮಾಡಿದ, 'ಸೂಪಶಾಸ್ತ್ರ', ಅದೂ ಷಟ್ಪದಿಯಲ್ಲಿ. ಇಲ್ಲಿ ಮಂಗರಸನದು ಅಂತ ಯಾವುದನ್ನು ಹೇಳುವುದು? ಷಟ್ಪದಿ ಕಟ್ಟಿದ ರೀತಿ ಅವನದು. ಬದನೆಕಾಯಿಯನ್ನು ಎಣ್ಣೆಯಲ್ಲಿ ಬಾಡಿಸುವುದು ಅವನದಲ್ಲ, ಅದು ಒಲೆಯ ಮುಂದೆ ಇದ್ದವರದ್ದು.

ನಮ್ಮ ಕಾನೂನೂ ಹೆಚ್ಚುಕಡಿಮೆ ಹೀಗೆಯೇ ಗೆರೆ ಎಳೆಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಸ್ವಂತ ಸಾಹಿತ್ಯ ಕೃತಿಯನ್ನು ಕಾಯುತ್ತದೆ. ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ನೋಂದಣಿ ಕಡ್ಡಾಯ ಅಲ್ಲ. ಆದರೆ ಕಲ್ಪನೆಗೆ, ವಸ್ತುವಿಗೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದು ನಾಟಕ ಮತ್ತು ಸಿನೆಮಾದ ಜಗಳ. ಅಡಿಗೆಯದ್ದೇ ಜಗಳ ಬೇಕಾದರೆ ಅಮೆರಿಕದ್ದೊಂದು ಉಂಟು: ಮೊಸರಿನ ಅಡಿಗೆಗಳ ಪುಸ್ತಕವೊಂದರ ಬಗ್ಗೆ 1996ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಸಾಮಾನಿನ ಪಟ್ಟಿ ಮತ್ತು ಮಾಡುವ ಕ್ರಮ ಇಷ್ಟಕ್ಕೇ ಹಕ್ಕುಸ್ವಾಮ್ಯ ಸಿಗುವುದಿಲ್ಲ ಅಂದಿತು. ಅದು ನಮ್ಮನ್ನು ಕಟ್ಟಿಹಾಕುವ ತೀರ್ಪಲ್ಲ, ಆದರೆ ತರ್ಕ ನಮಗೆ ಪರಿಚಿತವೇ.

ಹಾಗಾದರೆ ಮನೆಯವರು ಏನು ಮಾಡಬಹುದು? ಮಾಡಿ ನೋಡಿ, ನಿಮ್ಮ ಮಾತಿನಲ್ಲಿ ಬರೆದು ಹಂಚುವುದಕ್ಕೆ ತೊಂದರೆ ಇಲ್ಲ. ಪುಸ್ತಕದ ಪುಟಗಳ ಫೋಟೋ ತೆಗೆದು ಸಾಲಾಗಿ ಹಂಚುವುದು ಬೇರೆ, ಅಲ್ಲಿ ಲೇಖಕರ ವಾಕ್ಯ, ಚಿತ್ರ, ಪುಸ್ತಕದ ಜೋಡಣೆ ಎಲ್ಲ ಹೋಗುತ್ತದೆ. ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆ ಇವಕ್ಕೆ ನ್ಯಾಯಯುತ ಬಳಕೆಯ ಅವಕಾಶವನ್ನು ಕಾಯ್ದೆಯ 52ನೆಯ ಸೆಕ್ಷನ್ ಕೊಡುತ್ತದೆ. ಗಡಿನಾಡಿನವರು ಇನ್ನೊಂದು ಗಮನಿಸಬೇಕು: ಅನುವಾದದ ಹಕ್ಕು ಕೂಡ ಹಕ್ಕುದಾರರದ್ದೇ. ಮಲಯಾಳ ಪುಸ್ತಕದ ಪುಳಿಶ್ಶೇರಿಯನ್ನು ವಾಕ್ಯಕ್ಕೆ ವಾಕ್ಯ ಕನ್ನಡಕ್ಕೆ ತಂದು ಅಚ್ಚು ಹಾಕಿಸಿದರೆ ಅದು ಅನುವಾದ. ಅದನ್ನು ನಮ್ಮ ಸೌತೆಯಲ್ಲಿ, ನಮ್ಮ ಮಜ್ಜಿಗೆಯಲ್ಲಿ ಮಾಡಿ, ಆದದ್ದನ್ನು ಬರೆದರೆ ಅದು ನಮ್ಮ ಬರಹ.

ಇಷ್ಟರವರೆಗೆ ಕಾನೂನಿನ ಬಗ್ಗೆ ನನ್ನ ತಕರಾರು ಇಲ್ಲ. ವಿಧಾನಕ್ಕೆ ಬೇಲಿ ಹಾಕದಿರುವುದು ಒಳ್ಳೆಯದೇ, ಇಲ್ಲದಿದ್ದರೆ ಮೇಲಾರ ಮಾಡಲಿಕ್ಕೂ ಪರವಾನಿಗೆ ಬೇಕಾದೀತು. ನನ್ನ ತಕರಾರು ಹೆಸರಿನದು. ಕೃತಿಯ ಮೇಲೆ ತನ್ನ ಹೆಸರು ಹೇಳಿಕೊಳ್ಳುವ ಹಕ್ಕನ್ನು 57ನೆಯ ಸೆಕ್ಷನ್ ಲೇಖಕರಿಗೆ ಕೊಡುತ್ತದೆ. ಲೇಖಕರಿಗೆ, ಅಂದರೆ ಬರೆದವರಿಗೆ. ಕಲ್ಲಿನ ಮುಂದೆ ಕೂತು 'ಇಷ್ಟು ನೀರು, ಇಷ್ಟು ಹುಳಿ' ಅಂತ ತೋರಿಸಿಕೊಟ್ಟ ಅತ್ತೆ ಬರೆಯಲಿಲ್ಲ. 'ಹಿರಿಯರಿಂದ ಕೇಳಿ ತಿಳಿದದ್ದು' ಎಂಬ ಒಂದು ಸಾಲಿನಲ್ಲಿ ಅವರೆಲ್ಲ ಮುಗಿದುಹೋಗುತ್ತಾರೆ. ಅವರ ಜೊತೆ ಅವರ ಶಬ್ದಗಳೂ ಹೋಗುತ್ತವೆ, ಯಾಕೆಂದರೆ ಅಚ್ಚಿಗೆ ಕೊಡುವಾಗ ಕಡಿ ಹೋಗಿ ಕಪ್ ಆಗುತ್ತದೆ, ಒಳ್ಳೆಮೆಣಸು ಹೋಗಿ ಕಾಳುಮೆಣಸು ಆಗುತ್ತದೆ. ಗಡಿನಾಡಿನಲ್ಲಿ ಕನ್ನಡ ಶಾಲೆಯಲ್ಲಿ ಮಾತ್ರ ಸೋಲುವುದಲ್ಲ, ಹೀಗೆ ಕನ್ನಡ ಪುಸ್ತಕದ ಒಳಗೂ ಸೋಲುತ್ತದೆ.

ಚರ್ಚೆಯಲ್ಲಿ ಒಬ್ಬರು ಕೇಳಿದರು: ಎಲ್ಲರದ್ದೂ ಆದ ಅಡಿಗೆಗೆ ಒಬ್ಬರ ಹೆಸರು ಯಾಕೆ? ಸರಿಯಾದ ಪ್ರಶ್ನೆ. ನಾನು ಕೇಳುತ್ತಿರುವುದು ಒಡೆಯರ ಹೆಸರನ್ನಲ್ಲ, ಪರೀಕ್ಷೆ ಮಾಡಿದವರ ಹೆಸರನ್ನು. ತಾಳೆಗರಿಯ ಪ್ರತಿ ಮಾಡಿದವನು ಕಾವ್ಯ ತನ್ನದು ಅನ್ನುವುದಿಲ್ಲ, ಆದರೂ ಎಷ್ಟೋ ಪ್ರತಿಗಳ ಕೊನೆಯಲ್ಲಿ ಅವನ ಹೆಸರು, ಪ್ರತಿ ಮಾಡಿದ ಕಾಲ ಸಿಗುತ್ತದೆ. ಸಂಪಾದಕರಿಗೆ ಅದು ದೊಡ್ಡ ಆಧಾರ. ಅಡಿಗೆಗೂ ಅಷ್ಟು ಸಾಕು: ಯಾವ ಪುಸ್ತಕದಿಂದ, ಯಾರು ಮಾಡಿ ನೋಡಿದ್ದು, ಯಾವ ಊರಲ್ಲಿ, ಏನು ಬದಲಿಸಿದ್ದು. ಹೆಸರು ಬೇಡ ಅನ್ನುವವರದ್ದು ಹಾಕುವುದು ಬೇಡ, ಕೇಳಿಯೇ ಹಾಕುವುದು.

ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ ಕಡೆಯಿಂದ ಸೇರಿದ ಗೆಳೆಯರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಅಂಚಿನ ಟಿಪ್ಪಣಿ ಇರುವ ಅಡಿಗೆ ಪುಸ್ತಕ ಇದ್ದರೆ, ಅಚ್ಚಾದ ಸಾಲನ್ನು ಬಿಟ್ಟು ಕೈಬರಹದ ಸಾಲನ್ನು ಪ್ರತಿ ಮಾಡಿ ಇಡಿ, ಬರೆದವರು ಯಾರು ಅಂತ ಈಗಲೇ ಕೇಳಿ ಪಕ್ಕದಲ್ಲಿ ಬರೆಯಿರಿ. ಕಾಗದ ಇನ್ನೂ ಕೆಲವು ವರ್ಷ ಇದ್ದೀತು. ಕೇಳಲಿಕ್ಕೆ ಆ ಜನ ಇರುವುದಿಲ್ಲ.