ನೆಲದಲ್ಲಿ ಉದಾರಿ, ಕಾಗದದಲ್ಲಿ ಜಿಪುಣ

ಕೇಂದ್ರ ಸರ್ಕಾರದ ‘ಟಿಬೆಟನ್ ಪುನರ್ವಸತಿ ನೀತಿ, 2014’ ತಡವಾಗಿ ಬಂದರೂ ಒಳ್ಳೆಯ ದಸ್ತಾವೇಜು. ಮೈಸೂರು ರಾಜ್ಯ ಟಿಬೆಟ್‌ನ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಬಿಟ್ಟುಕೊಟ್ಟು ಆಗಲೇ ಅರ್ಧ ಶತಮಾನ ಕಳೆದಿತ್ತು. ಮುಂಡಗೋಡ, ಹುಣಸೂರು, ಒಡೆಯರಪಾಳ್ಯಗಳಲ್ಲಿ ಮೂರನೆಯ ತಲೆಮಾರು ಶಾಲೆಗೆ ಹೋಗುತ್ತಿತ್ತು. ಜಮೀನಿಗೆ 20 ವರ್ಷಗಳ ಗುತ್ತಿಗೆ, ಪಡಿತರ, ನರೇಗಾ ಕೂಲಿ, ಅಂಗಡಿಗೆ ಲೈಸೆನ್ಸ್, ಓದಿದ ಓದಿಗೆ ತಕ್ಕ ಉದ್ಯೋಗ: ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯಾಗಿದ್ದುದನ್ನು ಈ ನೀತಿ ಒಂದು ಸಾಲಿಗೆ ತರಲು ನೋಡಿತು.

ಆದರೆ ಇದು ಕಾಯ್ದೆಯಲ್ಲ, ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿ. ಪಾಲಿಸದಿದ್ದರೆ ನಿರಾಶ್ರಿತನ ಕೈಯಲ್ಲಿ ಕೇಳುವ ಅಸ್ತ್ರವಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ದೇಶೀಯ ಕಾನೂನೂ ಇಲ್ಲ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಬೈಲಕುಪ್ಪೆಯ ಜೋಳದ ರೈತನೂ ವೀಸಾ ಮೇಲೆ ಬಂದ ಪ್ರವಾಸಿಯೂ ಒಂದೇ: ಇಬ್ಬರೂ ವಿದೇಶಿಯರು. ರೈತನ ಕೈಯಲ್ಲಿರುವುದು ಆರ್‌ಸಿ, ಅಂದರೆ ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರ. ಮಗಳನ್ನು ನೋಡಲು ಹೊರದೇಶಕ್ಕೆ ಹೋಗಬೇಕೆಂದರೆ ಐಸಿ ಎಂಬ ಹಳದಿ ಪುಸ್ತಕ ಬೇಕು. ಅದಿದ್ದರೂ ಹೊರಡಲು ಅನುಮತಿ, ಮರಳಲು ಇನ್ನೊಂದು ಮುದ್ರೆ. ಹುಟ್ಟಿದೂರಿಗೆ ಹಿಂದಿರುಗಲು ಮುಂಗಡ ಒಪ್ಪಿಗೆ ಪಡೆಯುವುದು ಎಂಥ ವಿಚಿತ್ರ!

ಹುಟ್ಟಿದವರ ವಿಷಯವೇ ಈ ವ್ಯವಸ್ಥೆಯ ಸೋರುವ ಜಾಗ. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. 1987ರ ಜೂನ್‌ನಲ್ಲಿ ಹುಟ್ಟಿದ ಅಕ್ಕ ನಾಗರಿಕಳು. ಮರುವರ್ಷ ಹುಟ್ಟಿದ ತಮ್ಮ, ಅಪ್ಪ ಅಮ್ಮ ಇಬ್ಬರೂ ಟಿಬೆಟ್‌ನಿಂದ ಬಂದವರಾದರೆ, ವಿದೇಶಿ. ಅಕ್ಕನ ಹಕ್ಕೂ ಸುಲಭಕ್ಕೆ ದಕ್ಕಲಿಲ್ಲ. ನಾಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ 2010ರಲ್ಲೇ ದೆಹಲಿ ಹೈಕೋರ್ಟ್ ಈ ಮಾತನ್ನು ಸ್ಪಷ್ಟಪಡಿಸಿತ್ತು. ಆದರೂ ಪಾಸ್‌ಪೋರ್ಟ್ ಕೇಳಿದವರು ಮತ್ತೆ ಮತ್ತೆ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2016ರಲ್ಲಿ ಅದೇ ಕೋರ್ಟ್ ಇನ್ನೊಮ್ಮೆ ಹೇಳಿದ ಮೇಲೆ, 2017ರಲ್ಲಿ ವಿದೇಶಾಂಗ ಇಲಾಖೆ ಒಪ್ಪಿತು.

ಒಪ್ಪಿ ಹಾಕಿದ ಷರತ್ತುಗಳನ್ನು ನೋಡಿ: ಆರ್‌ಸಿ, ಐಸಿ ರದ್ದು ಮಾಡಿಸಬೇಕು, ನಿರಾಶ್ರಿತರ ಸೌಲಭ್ಯ ಬಿಡಬೇಕು, ಕ್ಯಾಂಪಿನಲ್ಲಿ ವಾಸಿಸಕೂಡದು. ಮೊದಲೆರಡು ನ್ಯಾಯವೇ, ಎರಡು ಗುರುತು, ಎರಡು ಸವಲತ್ತು ಯಾರಿಗೂ ಸಲ್ಲದು. ಮೂರನೆಯದು ಮಾತ್ರ ಕ್ರೂರ. ಕ್ಯಾಂಪೆಂದರೆ ಇಲ್ಲಿ ಡೇರೆಯಲ್ಲ, ಮುದಿ ತಂದೆ ತಾಯಿ ಇರುವ ಮನೆ. ಪೌರತ್ವ ಪಡೆದರೆ ಟಿಬೆಟ್‌ನ ಹೋರಾಟ ಸೊರಗೀತು ಎಂಬ ಅಳುಕಿನಿಂದ ಅರ್ಜಿ ಹಾಕದವರೂ ಆ ಸಮುದಾಯದಲ್ಲಿದ್ದಾರೆ. ಅದು ಅವರೇ ತೀರ್ಮಾನಿಸಬೇಕಾದ ಮಾತು. ಮನೆ ಬಿಡಿಸುವ ಷರತ್ತು ಆ ತೀರ್ಮಾನವನ್ನು ಅವರಿಂದ ಕಿತ್ತುಕೊಳ್ಳುತ್ತದೆ. ಗುತ್ತಿಗೆ ಜಮೀನನ್ನು ನಿರಾಶ್ರಿತರ ಹೆಸರಿಗಷ್ಟೇ ಉಳಿಸಿಕೊಂಡು, ನಾಗರಿಕಳಾದ ಮಗಳು ಅದೇ ಸೂರಿನಡಿ ಇರಬಹುದು ಎಂದು ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.