ಉಳಿದವನು ಮತ್ತು ಸತ್ತವನು: ‘ಆಡುಜೀವಿತಂ’ ಕುರಿತು

ಬೆನ್ಯಾಮಿನ್ ಅವರ 2008ರ ಕಾದಂಬರಿಯನ್ನು ಆಧರಿಸಿ ಬ್ಲೆಸ್ಸಿ ನಿರ್ದೇಶಿಸಿದ ‘ಆಡುಜೀವಿತಂ’ 2024ರ ಮಾರ್ಚ್ 28ರ ಪವಿತ್ರ ಗುರುವಾರದಂದು ಕನ್ನಡದಲ್ಲಿಯೂ ತೆರೆಕಂಡಿತು. ಸೌದಿ ಮರುಭೂಮಿಯಲ್ಲಿ ಗುಲಾಮನಂತೆ ಆಡು ಕಾಯಬೇಕಾಗಿ ಬಂದ ಕೇರಳದ ವಲಸಿಗನೊಬ್ಬನ ನಿಜಜೀವನವೇ ಇದರ ಮೂಲ. ಪ್ರೇಕ್ಷಕರ ಅಭಿಪ್ರಾಯ ಇಬ್ಭಾಗವಾಗಿದೆ: ಪೃಥ್ವಿರಾಜ್ ಸುಕುಮಾರನ್ ದೇಹವನ್ನೇ ಸವೆಸಿ ನೀಡಿದ ಅಭಿನಯಕ್ಕೆ ಕೆಲವರು ಮಣಿದರೆ, ಸುಮಾರು ಮೂರು ಗಂಟೆಗಳ ಯಾತನೆ ಅತಿಯಾಯಿತೆಂಬುದು ಇತರರ ಆಕ್ಷೇಪ.

ಆಕ್ಷೇಪ ಪೂರ್ಣ ನಿರಾಧಾರವಲ್ಲ. ಊರಿನ ನೆನಪಿನ ದೃಶ್ಯಗಳು ಸಂಯಮ ಮೀರುತ್ತವೆ. ಆದರೆ ಮರುಭೂಮಿಯ ನಿಧಾನಗತಿಯನ್ನು ದೋಷವೆನ್ನಲಾರೆ. ನಮ್ಮ ಹೊಳಲಿನ ಸುತ್ತಣ ಹೊಲಗಳಲ್ಲಿ ಮಂದೆ ನಿಲ್ಲಿಸುವ ಕುರಿಗಾಹಿಗೆ ಒಡನಾಡಿಗಳಿದ್ದಾರೆ, ಮರಳಲು ಊರಿದೆ. ನಜೀಬನಿಗೆ ಎರಡೂ ಇಲ್ಲ. ಆ ಶೂನ್ಯವನ್ನು ತ್ವರೆಯಿಂದ ತೋರಿಸಲಾಗದು.

ನನ್ನ ತೊಡಕು ಬೇರೆ. ನಜೀಬ ಪಾರಾದುದನ್ನು ದೈವಕೃಪೆಯೆಂದು ಬೋಧಿಸುವುದು ಸುಲಭ. ಆದಿಕಾಂಡದಲ್ಲಿ ಹಾಗರಳ ಮಗನ ಮೊರೆಯನ್ನು ದೇವರು ಆಲಿಸಿದರು. ಬಾಯಾರಿ ಮರಳನ್ನೇ ತಿಂದು ಸತ್ತ ಹಕೀಮನ ಮೊರೆ ಅವರಿಗೆ ಕೇಳಿಸಲಿಲ್ಲವೆ? ಉಳಿದವನನ್ನಷ್ಟೇ ಲೆಕ್ಕಿಸುವ ಬೋಧನೆ ಸತ್ತವನಿಗೆ ಮಾಡುವ ಎರಡನೆಯ ಅನ್ಯಾಯ. ಶಿಲುಬೆಯ ಮೇಲೆ ಬಾಯಾರಿದ ಕ್ರಿಸ್ತರು ಹಕೀಮನ ಬಳಿಯಿದ್ದರೆಂದು ನಮ್ಮ ವಿಶ್ವಾಸ ಹೇಳಬಲ್ಲದು. ಅವನೇಕೆ ಸತ್ತನೆಂದು ಹೇಳಲಾರದು. ಪ್ರಬೋಧನೆಯಲ್ಲಿ ಈ ಚಿತ್ರವನ್ನು ಉದಾಹರಿಸುವವರು ಹಕೀಮನ ಹೆಸರನ್ನೂ ಎತ್ತಬೇಕು.